ನಾಲ್ಕರಿಂದ ನಾಲ್ಕರವರೆಗೆ ಒಂದು ಹಾಳೆ

ಅವತ್ತು ಕ್ಯಾಶ್ 5,000 ರೂಪಾಯಿ ಕಮ್ಮಿ ಬಂತು.

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಇದರ ಸಂಕಟ ಗೊತ್ತು. ಸಂಜೆ ಕೈಯಲ್ಲಿರುವ ನೋಟು, ಕಂಪ್ಯೂಟರ್ ತೋರಿಸುವ ಲೆಕ್ಕ ಎರಡೂ ಒಂದೇ ಆಗಬೇಕು. ಆಗದಿದ್ದರೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಎಣಿಸಿದ ಕಟ್ಟನ್ನೇ ಮತ್ತೆ ಎಣಿಸಬೇಕು. ದಿನದ ಚೀಟಿಗಳನ್ನೆಲ್ಲ ಒಂದೊಂದಾಗಿ ಟಿಕ್ ಹಾಕಬೇಕು. ಆಗಲೂ ಸಿಗದಿದ್ದರೆ ಆ ದುಡ್ಡು ಕ್ಯಾಷಿಯರ್ ಕೈಯಿಂದಲೇ ಹೋಗುತ್ತದೆ. ನಾನೂ ತುಂಬಿದೆ. ಏಳು ಗಂಟೆಗೆ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಮಗಳ ಫೋನು, "ಅಮ್ಮ, ಎಲ್ಲಿದೀಯಾ?"

ದುಡ್ಡು ಆಮೇಲೆ ಸಿಕ್ಕಿತು. ಮಾರನೇ ದಿನ ಸಿಸಿಟಿವಿ ನೋಡಿದೆವು. ಮೆಷಿನ್ನಿನಲ್ಲಿ 40 ನೋಟು ಎಣಿಸಿದ್ದೇನೆ, ಸರಿಯಾಗಿದೆ. ಆಮೇಲೆ ಟ್ರೇಯಲ್ಲಿದ್ದ ಐನೂರರ ಇನ್ನೊಂದು ಸಣ್ಣ ಕಂತೆಯನ್ನೂ ಅದರ ಜೊತೆಗೇ ತೆಗೆದು ಕೊಟ್ಟಿದ್ದೇನೆ. ಹತ್ತು ನೋಟು. ತಗೊಂಡವರು ಬಾಳೆಕಾಯಿ ವ್ಯಾಪಾರದವರು, ನಮ್ಮ ಹಳೇ ಗ್ರಾಹಕರು. ಫೋನ್ ಮಾಡಿದ್ದಕ್ಕೆ "ನಾನು ಎಣಿಸ್ಲೇ ಇಲ್ಲ ಮೇಡಂ" ಅಂದವರು ಮೂರನೇ ದಿನ ತಂದು ಕೊಟ್ಟರು.

ಆದರೂ ಸಿಸಿಟಿವಿಯಲ್ಲಿ ಕಂಡ ಆ ಹೆಂಗಸು ತಲೆಯಿಂದ ಹೋಗಲಿಲ್ಲ. ಕಣ್ಣು ತೆರೆದೇ ಇದ್ದಳು. ಕೈ ಕೆಲಸ ಮಾಡುತ್ತಿತ್ತು. ಆ ಎರಡನೇ ಕಂತೆ ಕೈಗೆ ಎತ್ತಿಕೊಂಡದ್ದು ನನಗೆ ಒಂಚೂರೂ ನೆನಪಿಲ್ಲ. ನಾನು ಎಚ್ಚರವಾಗಿದ್ದುಕೊಂಡೇ ನಿದ್ದೆ ಮಾಡಿದ್ದೆ.

ಇದು 2025ರ ಫೆಬ್ರುವರಿ ಕೊನೆಯ ಮಾತು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು ತುಂಬಿತ್ತು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಶಾಖೆ ನಂಜನಗೂಡಿನಲ್ಲಿ, 25 ಕಿಲೋಮೀಟರ್. ಸಿಟಿ ಬಸ್ಸು, ಅಲ್ಲಿಂದ ನಂಜನಗೂಡು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಕೊಡುವುದು ತಪ್ಪಿತು, ಸೀಟು ಸಿಗುವುದೂ ತಪ್ಪಿತು. ಸೋಮವಾರ, ಹುಣ್ಣಿಮೆ ಅಂದರೆ ಶ್ರೀಕಂಠೇಶ್ವರನ ಭಕ್ತರೂ ಸೇರಿ ಒಂದು ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ನಮ್ಮನೆಯವರದು ಫ್ಯಾಕ್ಟರಿ ಕೆಲಸ, ವಾರಕ್ಕೊಂದು ಶಿಫ್ಟು. ಮನೆಯಲ್ಲಿ ಅತ್ತೆ ಇದ್ದಾರೆ. ಹಾಗಾಗಿ "ನಿನಗೇನಮ್ಮ, ಮನೇಲಿ ಅತ್ತೆ ಇದಾರೆ" ಅನ್ನುವ ಮಾತು ಶಾಖೆಯಲ್ಲಿ, ಬೀದಿಯಲ್ಲಿ, ತವರಿನಲ್ಲಿ ಎಲ್ಲ ಕಡೆ ಕೇಳಿದ್ದೇನೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕ್ಯಾಶ್ ಕಮ್ಮಿ ಬಂದ ವಾರವೇ ಪೇಪರಿನಲ್ಲಿ ಒಂದು ಸುದ್ದಿ ಓದಿದೆ. ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರದವರು ಸಮೀಕ್ಷೆ ಮಾಡಿದ್ದರು. ಮನೆಗೆ ಬಂದು ಹಿಂದಿನ ದಿನ ಬೆಳಗಿನ ಜಾವ ನಾಲ್ಕರಿಂದ ಇವತ್ತಿನ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತಾರಂತೆ. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಅಂತ ಬಂದಿತ್ತು. 2019ರಲ್ಲಿ ಇದೇ ಲೆಕ್ಕ 299 ಮತ್ತು 97 ಇತ್ತು.

"ನೋಡ್ರೀ, ಐದು ವರ್ಷಕ್ಕೆ ನಮಗೆ ಹತ್ತು ನಿಮಿಷ ಉಳಿದಿದೆ" ಅಂದೆ.

ಇವರು ಪೇಪರ್ ಇಸಕೊಂಡು ನೋಡಿದರು. "ನಮಗೂ ಒಂಬತ್ತು ನಿಮಿಷ ಉಳಿದಿದೆಯಲ್ಲ!" ಅಂದರು.

ಸಿಟ್ಟು ಬಂತು, ನಗುವೂ ಬಂತು. ಅದೇ ರಾತ್ರಿ ಬ್ಯಾಂಕಿನಲ್ಲಿ ಹಾಳಾದ ಪ್ರಿಂಟೌಟ್‌ಗಳ ಹಿಂದೆ ಸ್ಕೇಲ್ ಇಟ್ಟು ಗೆರೆ ಎಳೆದೆ. ನಾಲ್ಕರಿಂದ ನಾಲ್ಕಕ್ಕೆ 48 ಚೌಕ. ಏಳು ದಿನಕ್ಕೆ ಏಳು ಹಾಳೆ. ನನಗೆ ಬೇರೆ ಏನೂ ಬೇಕಿರಲಿಲ್ಲ, ನನ್ನ ದಿನದಲ್ಲಿ ಶಾರ್ಟ್ ಎಲ್ಲಿ ಬೀಳುತ್ತಿದೆ ಅಂತ ಗೊತ್ತಾದರೆ ಸಾಕಿತ್ತು. ಕ್ಯಾಷಿಯರ್ ಬುದ್ಧಿ.

ಮೊದಲ ದಿನವೇ ತೊಂದರೆ ಆಯಿತು. ಬೆಳಿಗ್ಗೆ ಐದೂವರೆಯಿಂದ ಆರರ ಚೌಕದಲ್ಲಿ ಏನು ಬರೆಯುವುದು? ಕುಕ್ಕರ್ ಇಟ್ಟಿದ್ದೇನೆ, ಮಷಿನ್ನಿಗೆ ಬಟ್ಟೆ ಹಾಕಿದ್ದೇನೆ, ಮಗಳಿಗೆ ಹೊರಗಿನಿಂದಲೇ ಏಳು ಏಳು ಅಂತ ಕೂಗಿದ್ದೇನೆ, ಹಾಲು ಉಕ್ಕಿಸಿ ಒರೆಸಿದ್ದೇನೆ. ಎಲ್ಲವನ್ನೂ ಬರೆದೆ. ಬೆಳಗಿನ ಚೌಕಗಳು ಇರುವೆ ಸಾಲಿನ ಹಾಗೆ ಕಂಡವು. ಹತ್ತರಿಂದ ಸಂಜೆವರೆಗೆ ಮಾತ್ರ ನೀಟಾಗಿ ಒಂದೊಂದೇ ಪದ: ಕೌಂಟರ್, ಕೌಂಟರ್, ಕೌಂಟರ್.

ಎರಡನೇ ದಿನ ಇನ್ನೊಂದು ಗೊತ್ತಾಯಿತು. ಕೌಂಟರ್ ಅಂತ ಬರೆದ ಚೌಕದಲ್ಲಿ ನಾನು ಬರೀ ಕೌಂಟರಿನಲ್ಲಿ ಇರುತ್ತಿರಲಿಲ್ಲ. ಗೃಹಲಕ್ಷ್ಮಿ ದುಡ್ಡು ಬಂದಿದೆಯಾ ಅಂತ ಒಬ್ಬ ತಾಯಿ ಪಾಸ್‌ಬುಕ್ ಚಾಚುವಾಗ ನನ್ನ ತಲೆಯಲ್ಲಿ ಗ್ಯಾಸ್ ಬುಕ್ ಮಾಡಬೇಕು ಅಂತ ಓಡುತ್ತಿತ್ತು. ಹಾಗಾಗಿ ಮೂರನೇ ದಿನ ಒಂದು ಆಟ ಹೂಡಿದೆ. ಕೆಲಸದ ನಡುವೆ ಮನೆಯ ಯಾವುದಾದರೂ ಕೆಲಸ ನೆನಪಾದರೆ ಹಾಳೆಯ ಅಂಚಿನಲ್ಲಿ ಒಂದು ಚುಕ್ಕಿ. ಅತ್ತೆಯ ಬಿಪಿ ಮಾತ್ರೆ ಶನಿವಾರಕ್ಕೆ ಮುಗಿಯುತ್ತದೆ, ಚುಕ್ಕಿ. ಹಾಲಿನವರ ಲೆಕ್ಕ, ಚುಕ್ಕಿ. ಮಗಳ ಯೂನಿಫಾರಂ ಗುಂಡಿ, ಚುಕ್ಕಿ. ಮಗನಿಗೆ ಚಪ್ಪಲಿ ಬಿಗಿಯಾಗಿದೆ, ಚುಕ್ಕಿ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಒಂಬತ್ತಕ್ಕೆ "ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ" ಅಂತ ಹಾಕುತ್ತಾರಲ್ಲ, ಅದು ಮಾರನೇ ದಿನವೂ ಚುಕ್ಕಿ, ಯಾಕೆಂದರೆ ಹಳದಿ ಬಟ್ಟೆ ಪಕ್ಕದ ಮನೆಯಿಂದ ಇಸಕೊಂಡದ್ದು, ಒಗೆದು ವಾಪಸ್ ಕೊಡಬೇಕು.

ಬುಧವಾರ 31 ಚುಕ್ಕಿ ಆಯಿತು. ಐನೂರರ ಹತ್ತು ನೋಟು ಇಂಥದ್ದೇ ಒಂದು ಚುಕ್ಕಿಯ ಸಂದಿಯಲ್ಲಿ ಜಾರಿತ್ತು ಅಂತ ನನಗೆ ಈಗಲೂ ಅನುಮಾನ.

ಭಾನುವಾರ ರಾತ್ರಿ ಕೂತು ಕೂಡಿದೆ. ವಾರಕ್ಕೆ 336 ಚೌಕ. ಬ್ಯಾಂಕಿನ ದಿನಗಳಲ್ಲೂ ಮನೆಗೆಲಸಕ್ಕೆ ಹತ್ತು ಚೌಕ, ಅಂದರೆ 300 ನಿಮಿಷ. ಮಕ್ಕಳ ಊಟ, ಓದು, ಸ್ನಾನ ಅದರ ಮೇಲೆ. ನಿದ್ದೆ ಹನ್ನೊಂದು ಚೌಕ, ಐದೂವರೆ ಗಂಟೆ. ವಿಶ್ರಾಂತಿ ಅಂತ ಬರೆಯಬಹುದಾದ ಚೌಕ ಇಡೀ ವಾರಕ್ಕೆ ಐದು. ಅದರಲ್ಲಿ ಎರಡು ಬಸ್ಸಿನಲ್ಲಿ ಸೀಟು ಸಿಕ್ಕಿದ್ದು. ಉಳಿದ ಮೂರು ರಾತ್ರಿ ಹನ್ನೊಂದರ ಮೇಲೆ ಫೋನ್ ನೋಡಿದ್ದು. ನಿದ್ದೆ ಕೆಡಿಸಿಕೊಂಡು ಯಾರೋ ಮಾಡುವ ಅಡುಗೆ ನೋಡುವುದನ್ನು ವಿಶ್ರಾಂತಿ ಅನ್ನಬಹುದಾ? ಆದರೂ ಆ ಅರ್ಧ ಗಂಟೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಯಾರೂ ಏನೂ ಕೇಳದ ಹೊತ್ತು ಅದೊಂದೇ.

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, 2015ರಿಂದ. "ನಿಮಗೆ ರಜೆ ಜಾಸ್ತಿ" ಅನ್ನುವವರಿಗೆ ನನ್ನ ಶನಿವಾರದ ಹಾಳೆ ತೋರಿಸಬೇಕಿತ್ತು. ವಾರದ ದಿನಕ್ಕಿಂತ ಅದರಲ್ಲೇ ಇರುವೆ ಜಾಸ್ತಿ.

ಹೆರಿಗೆ ರಜೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಒಂದು ಸಲಕ್ಕೆ ಆರು ತಿಂಗಳು, ಇಡೀ ಸರ್ವೀಸಿಗೆ ಹನ್ನೆರಡು ತಿಂಗಳು. ಎರಡು ಮಕ್ಕಳಿಗೆ ನನ್ನದು ಸರಿಯಾಗಿ ಖರ್ಚಾಯಿತು. 2017ರ ತಿದ್ದುಪಡಿ ಕಾಯ್ದೆಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತ ಬಂತು. ನಮ್ಮ ಶಾಖೆಯಲ್ಲಿ ಅಟೆಂಡರ್ ಸೇರಿ ಏಳು ಜನ. ಕೊಠಡಿ ಬಿಡಿ, ಊಟದ ಡಬ್ಬಿ ತೆರೆಯುವುದೇ ಹಳೇ ಲೆಡ್ಜರ್‌ಗಳ ಪಕ್ಕ.

ಹಾಳೆಗಳನ್ನು ಇವರ ಮುಂದೆ ಇಟ್ಟೆ. ಜಗಳಕ್ಕೆ ತಯಾರಾಗಿಯೇ ಇಟ್ಟೆ. ಇವರು ಸುಮ್ನೆ ಎಲ್ಲ ಓದಿದರು. ಆಮೇಲೆ "ನಾನೂ ಒಂದು ವಾರ ಬರೀತೀನಿ" ಅಂದರು.

ಬರೆದರು. ನಾನು ಅಂದುಕೊಂಡಷ್ಟು ಆರಾಮ ಅವರ ಹಾಳೆಯಲ್ಲಿ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನೈಟ್ ಶಿಫ್ಟಿನ ವಾರ ಹಗಲು ನಿದ್ದೆಯ ಚೌಕಗಳು ಮಧ್ಯೆ ಮಧ್ಯೆ ಕಡಿದುಹೋಗಿದ್ದವು. ಆದರೆ ಶಿಫ್ಟ್ ಮುಗಿದ ಮೇಲೆ ಗೇಟಿನ ಹೊರಗೆ ಸ್ನೇಹಿತರ ಜೊತೆ ಟೀ, ದಿನಾ ಒಂದು ಚೌಕ. ಆ ಚೌಕವನ್ನು ನಾನು ತುಂಬಾ ಹೊತ್ತು ನೋಡಿದೆ. ಅಂಚಿನಲ್ಲಿ ಚುಕ್ಕಿ ಎಷ್ಟು? ಇಡೀ ವಾರಕ್ಕೆ ನಾಲ್ಕು. ಅದರಲ್ಲಿ ಒಂದು "ಇವಳಿಗೆ ಚುಕ್ಕಿ ಹಾಕಬೇಕು ಅನ್ನೋದು ನೆನಪಾಯ್ತು" ಅಂತ!

"ನೀನು ಹೇಳಿದ್ರೆ ನಾನು ಮಾಡ್ತೀನಲ್ಲ" ಅಂದರು. ನಿಜ, ಮಾಡುತ್ತಾರೆ. ಸಾಮಾನು ತರುತ್ತಾರೆ, ಚೀಟಿ ಬರೆದು ಕೊಟ್ಟರೆ. ಮಗಳಿಗೆ ಜಡೆ ಹಾಕುತ್ತಾರೆ, ಬಾಚಣಿಗೆ ಕೈಗೆ ಕೊಟ್ಟರೆ.

"ಹೇಳೋದೇ ಒಂದು ಕೆಲಸ ರೀ" ಅಂದೆ. "ನನಗೆ ಸಹಾಯ ಬೇಡ. ಪೂರ್ತಿ ತಗೊಳ್ಳಿ. ಯಾವುದಾದ್ರೂ ಒಂದು, ಆದ್ರೆ ಪೂರ್ತಿ."

ಶಿಫ್ಟ್ ನೋಡಿಕೊಂಡು ಹಂಚಿದೆವು. ಫಸ್ಟ್ ಶಿಫ್ಟ್ ವಾರ ಅವರು ಬೆಳಿಗ್ಗೆ ಐದಕ್ಕೇ ಹೋಗುತ್ತಾರೆ, ಮೂರಕ್ಕೆ ಬರುತ್ತಾರೆ. ಆ ವಾರ ಸಂಜೆ ಅವರದು: ಹೋಂವರ್ಕ್, ರಾತ್ರಿ ಅಡುಗೆ, ನಾಳಿನ ಬ್ಯಾಗು. ಸೆಕೆಂಡ್ ಶಿಫ್ಟ್ ವಾರ ಬೆಳಿಗ್ಗೆ ಅವರದು: ತಿಂಡಿ, ಡಬ್ಬಿ, ಮಗಳನ್ನು ಶಾಲೆಗೆ ಬಿಡುವುದು. ನೈಟ್ ಶಿಫ್ಟ್ ವಾರ ಅವರಿಗೆ ರಜೆ, ಆ ವಾರ ಮನೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಮತ್ತು ಬೀದಿ ಕೊನೆಯ ದೋಸೆ ಗಾಡಿಯ ಮೇಲೆ ಜೀವನ. ಗ್ಯಾಸು, ಕರೆಂಟು, ಹಾಲು, ಶಾಲೆಯ ವಾಟ್ಸಾಪ್ ಗುಂಪು ಇವೆಲ್ಲ ಯಾವ ಶಿಫ್ಟಾದರೂ ಅವರದೇ. ಆ ಗುಂಪಿನಿಂದ ನಾನು ಹೊರಗೆ ಬಂದೆ. ಅಮ್ಮಂದಿರೇ ತುಂಬಿರುವ ಗುಂಪಿಗೆ ಇವರು ಸೇರಿದ ದಿನ ಒಬ್ಬರು "ಎವೆರಿಥಿಂಗ್ ಓಕೆ?" ಅಂತ ನನಗೆ ಬೇರೆಯಾಗಿ ಮೆಸೇಜು ಹಾಕಿದರು.

ಮೊದಲ ಸೆಕೆಂಡ್ ಶಿಫ್ಟ್ ವಾರ ನಾನು ಅನುಭವಿಸಿದ್ದು ನನಗೇ ಗೊತ್ತು. ಆರೂವರೆವರೆಗೆ ಮಲಗಬಹುದು. ಆದರೆ ಐದಕ್ಕೇ ಎಚ್ಚರ. ಹಾಸಿಗೆಯಲ್ಲಿ ಬಿದ್ದುಕೊಂಡು ಅಡುಗೆಮನೆಯ ಸದ್ದು ಕೇಳುವುದು. ಬಾಣಲೆ ಇಟ್ಟರು. ಎಣ್ಣೆ ಜಾಸ್ತಿ ಕಾಯಿತು, ಸಾಸಿವೆ ಸಿಡಿಯುವ ಸದ್ದಿನಲ್ಲೇ ಗೊತ್ತಾಗುತ್ತದೆ. ಕಡಲೆಬೇಳೆ ಈಗ ಹಾಕಬೇಕು, ಹಾಕಲಿಲ್ಲ. ಎರಡನೇ ದಿನ ತಡೆಯಲಾಗದೆ ಎದ್ದು ಹೋಗಿ ಬಾಗಿಲಲ್ಲಿ ನಿಂತು "ಇಂಗು" ಅಂದೆ.

ಇವರು ಸೌಟು ನನ್ನ ಕಡೆ ಚಾಚಿದರು. "ಮಲಗಿದ್ರೆ ಮಲಗು. ಇಲ್ಲಾ ನೀನೇ ಮಾಡು."

ವಾಪಸ್ ಹೋಗಿ ಮಲಗಿದೆ. ಕಷ್ಟವಾಯಿತು. ಹಾಗೆ ನೋಡಿದರೆ ಅವರು ಕೆಲಸ ತಗೊಂಡರೆ ಸಾಲದು, ನಾನೂ ಬಿಡಬೇಕಿತ್ತು. ಬಿಡುವುದು ನನಗೆ ಬರುತ್ತಿರಲಿಲ್ಲ.

ಆ ವಾರದ ತಿಂಡಿ ಹೀಗಿತ್ತು. ಸೋಮವಾರ ಅವಲಕ್ಕಿ. ಮಂಗಳವಾರ ಚಿತ್ರಾನ್ನ. ಬುಧವಾರ ಚಿತ್ರಾನ್ನ. ಗುರುವಾರ ಚಿತ್ರಾನ್ನ. ಶುಕ್ರವಾರ ಸಂಜೆ ಮಗಳು ಡಬ್ಬಿಯನ್ನು ನನ್ನ ಮುಂದೆ ಟಪ್ ಅಂತ ಇಟ್ಟು, "ಇವತ್ತೂ ಚಿತ್ರಾನ್ನ" ಅಂದಳು. "ಅಪ್ಪನ ಹತ್ರ ಹೇಳು" ಅಂದೆ. ಇಷ್ಟು ವರ್ಷ ತಿಂಡಿಯ ದೂರೆಲ್ಲ ನನ್ನ ಕೌಂಟರಿಗೇ ಬರುತ್ತಿತ್ತು. ಅದನ್ನು ಪಕ್ಕದ ಕೌಂಟರಿಗೆ ಕಳಿಸಿದ ಆ ಕ್ಷಣದ ಹಗುರ ಇದೆಯಲ್ಲ, ಅದು ಒಂದು ತಾಸು ನಿದ್ದೆಗೆ ಸಮ.

ಮಾರ್ಚ್ ಕೊನೆ ಬಂತು. ಅದರ ಬಗ್ಗೆ ಏನು ಹೇಳುವುದು? ವರ್ಷದ ಲೆಕ್ಕ ಮುಗಿಸುವ ತಿಂಗಳಲ್ಲಿ ಬ್ಯಾಂಕಿನವರ ಮನೆಯಲ್ಲಿ ಯಾವ ಹಾಳೆಯೂ ನಿಲ್ಲುವುದಿಲ್ಲ. ಮಾರ್ಚ್ 31ರ ರಾತ್ರಿ ಹತ್ತೂವರೆಗೆ ಮನೆ ಮುಟ್ಟಿದೆ. ಅದು ಮುಗಿಯಿತು ಅನ್ನುವಾಗ ನಂಜನಗೂಡಿನ ದೊಡ್ಡ ಜಾತ್ರೆ, ಐದು ರಥ, ಬಸ್ಸು ಊರ ಹೊರಗೇ ನಿಲ್ಲುತ್ತದೆ, ಬಿಸಿಲಲ್ಲಿ ನಡಿಗೆ. ಆ ದಿನಗಳ ಹಾಳೆಗಳನ್ನು ನಾನು ಬರೆಯಲೇ ಇಲ್ಲ.

ಏಪ್ರಿಲ್ ನಡುವಿನಿಂದ ಮತ್ತೆ ಹಿಡಿದೆವು. ಈಗ ಸ್ವಲ್ಪ ರೂಢಿಯಾಗಿತ್ತು. ಬ್ಯಾಂಕಿಗೆ ರಜೆ ಇರುವ ಶನಿವಾರ ಬೆಳಿಗ್ಗೆ ಒಂದು ಗಂಟೆ ನನ್ನದು ಅಂತ ಕಾದಿರಿಸಿಕೊಂಡೆ. ಆರೂವರೆಗೆ ಕುಕ್ಕರಹಳ್ಳಿ ಕೆರೆ. ಫೋನು ಮನೆಯಲ್ಲಿ. ಏರಿಯ ಮೇಲೆ ಒಂದು ಸುತ್ತು, ಆಮೇಲೆ ಕಲ್ಲು ಬೆಂಚಿನ ಮೇಲೆ ಸುಮ್ನೆ ಕೂರುವುದು. ಹೆಜ್ಜಾರ್ಲೆಗಳು ನೀರಿನ ಮೇಲೆ ಅಷ್ಟು ದೊಡ್ಡ ಕೊಕ್ಕು ಇಟ್ಟುಕೊಂಡು ಏನೂ ಮಾಡದೆ ತೇಲುತ್ತವೆ. ಅವುಗಳನ್ನು ನೋಡುತ್ತಾ ನನಗೂ ಏನೂ ಮಾಡದೆ ಇರುವುದು ಒಂದಿಷ್ಟು ಬಂತು. ಮೊದಲೆರಡು ಸಲ ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದೆ. ಮೂರನೇ ಸಲ ಒಬ್ಬಳೇ ಕೂತು ಒಂದು ಮಸಾಲೆ ದೋಸೆಯನ್ನೂ ತಿಂದು ಮನೆಗೆ ಬಂದೆ. ಯಾರಿಗೂ ಪಾರ್ಸಲ್ ತರಲಿಲ್ಲ. ಅದೊಂದು ಅಪರಾಧದ ಹಾಗೆ ಬಾಯಿ ಒರೆಸಿಕೊಂಡು ಒಳಗೆ ಬಂದೆ.

ನನ್ನ ಹಾಳೆಯಲ್ಲಿ ವಿಶ್ರಾಂತಿಯ ಚೌಕ ಐದರಿಂದ ಹದಿಮೂರಕ್ಕೆ ಏರಿತು. ನಿದ್ದೆ ಆರೂವರೆ ಗಂಟೆ. ಕೌಂಟರಿನ ಚುಕ್ಕಿ ಹತ್ತರ ಆಸುಪಾಸು. ಗೆದ್ದೆ ಅಂದುಕೊಂಡೆ. ಶಾಖೆಯಲ್ಲಿ ನನ್ನ ಜೊತೆಯವರಿಗೂ ಚೌಕದ ಹಾಳೆ ಜೆರಾಕ್ಸ್ ಮಾಡಿ ಹಂಚಿದೆ!

ಮೇ ತಿಂಗಳು, ಮಗಳಿಗೆ ರಜೆ. ಅವಳಿಗೆ ಬೇಜಾರು. ನಮ್ಮ ಹಾಳೆಗಳನ್ನು ನೋಡಿ ಅವಳೂ ಒಂದು ಮಾಡಿದಳು. ಅವಳದಲ್ಲ, ಅಜ್ಜಿಯದು. ಅರ್ಧ ಗಂಟೆಗೊಮ್ಮೆ ಅಜ್ಜಿಯ ಹಿಂದೆ ಹೋಗಿ "ಅಜ್ಜಿ, ಈಗೇನು ಮಾಡ್ತಿದೀಯಾ?" ಅಂತ ಕೇಳಿ ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದಳು. ಸಂಜೆ ಬಂದಾಗ ಅದು ಫ್ರಿಜ್ಜಿನ ಮೇಲೆ ಅಂಟಿಸಿತ್ತು.

ಒಂದು ಗಂಟೆ, ತಮ್ಮನಿಗೆ ಊಟ. ಒಂದೂವರೆ, ತಮ್ಮನಿಗೆ ಊಟ. ಎರಡು, ತಮ್ಮನಿಗೆ ಊಟ (ಅಳ್ತಿದಾನೆ). ಎರಡೂವರೆ, ತಮ್ಮನ್ನ ಮಲಗಿಸೋದು. ಮೂರು, ಅಜ್ಜಿ ಮಲಗಿದ್ಲು, ತಮ್ಮ ಎದ್ದ. ಮೂರೂವರೆ, ತಮ್ಮ ಅಕ್ಕಿ ಚೆಲ್ಲಿದ, ಅಜ್ಜಿ ಗುಡಿಸ್ತಿದಾಳೆ. ನಾಲ್ಕು, ಕಾಲು ಒತ್ಕೊಳ್ಳೋದು ಮತ್ತೆ ತಮ್ಮನ್ನ ಹಿಡ್ಕೊಳ್ಳೋದು.

ನಾನು ಫ್ರಿಜ್ಜಿನ ಮುಂದೆ ಬ್ಯಾಗು ಇಳಿಸದೆ ನಿಂತೇ ಇದ್ದೆ.

ಅತ್ತೆಗೆ 68. ಎರಡೂ ಮೊಣಕಾಲು ನೋವು. ಏನಾದರೂ ಕೇಳಿದರೆ "ನನಗೇನಮ್ಮ ಕೆಲಸ, ಕೂತ್ಕೊಂಡು ತಿನ್ನೋದು ತಾನೇ" ಅನ್ನುತ್ತಾರೆ. ನಾವು ಗಂಡ ಹೆಂಡತಿ ಶಿಫ್ಟ್ ಪ್ರಕಾರ ಹಂಚಿಕೊಂಡೆವಲ್ಲ, ಆ ಹಂಚಿಕೆಯಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಸಂಜೆವರೆಗಿನ ಮಗು ಯಾರ ಪಾಲಿಗೂ ಬರೆದಿರಲಿಲ್ಲ. ಬರೆಯಬೇಕು ಅಂತ ಹೊಳೆದೇ ಇರಲಿಲ್ಲ. ನಾನು ಕೆರೆಗೆ ಹೋದ ಶನಿವಾರ ಇವರು ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆ ಒಂದು ಗಂಟೆಯೂ ಅತ್ತೆಯದೇ.

ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ಹದಿನಾಲ್ಕು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದೇನೆ. ನನ್ನ ಹಾಳೆಗೆ ಎಂಟು ಚೌಕ ಜಮಾ ಆದಾಗ ಅದು ಯಾರ ಖಾತೆಯಿಂದ ಬಂತು ಅಂತ ನಾನು ನೋಡಲೇ ಇಲ್ಲ.

ಮಗನನ್ನು ಜೂನ್‌ನಿಂದ ಅರ್ಧ ದಿನ ಪ್ಲೇ ಹೋಮಿಗೆ ಹಾಕೋಣ ಅಂದೆವು. ಅತ್ತೆಗೆ ಬೇಜಾರಾಯಿತು. "ನಾನಿರುವಾಗ ಮಗೂನ ಕಂಡೋರ ಹತ್ರ ಬಿಡ್ತೀರಾ? ನನ್ನ ಕೈಲಾಗಲ್ಲ ಅಂತಾನಾ?" ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಕಾಲು ನೋವಿಗಿಂತ ಈ ಮಾತು ಜಾಸ್ತಿ ನೋವು ಕೊಟ್ಟಿತ್ತು. ಮನೆಯಲ್ಲಿ ತಾನು ಬೇಡವಾದೆ ಅನ್ನುವ ಭಯ. ನನಗೆ ಏನು ಹೇಳುವುದು ಅಂತ ತಿಳಿಯಲಿಲ್ಲ. ಕೊನೆಗೆ ಹೇಳಿದವಳು ಮಗಳು. "ಅಜ್ಜಿ, ನಿನ್ನ ಹಾಳೇಲಿ ಹಸಿರು ಬಣ್ಣನೇ ಇಲ್ಲ. ಹಸಿರು ಅಂದ್ರೆ ರೆಸ್ಟ್."

ತಿಂಗಳಿಗೆ 4,500 ರೂಪಾಯಿ. ಆಟೋ ಬೇರೆ. ಜೇಬಿಗೆ ಬಿಗಿಯಾಯಿತು, ಅದನ್ನು ಮುಚ್ಚಿಡುವುದು ಯಾಕೆ? ದುಡ್ಡಿಲ್ಲದೆ ಇದೆಲ್ಲ ಆಗುವುದಿಲ್ಲ. ನಮ್ಮ ಕೌಂಟರಿಗೆ ಬರುವ ಕೂಲಿ ಹೆಂಗಸರು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡೇ ಹೆಬ್ಬೆಟ್ಟು ಒತ್ತುತ್ತಾರೆ. ಆ ಹೊತ್ತಿಗೆ ಕೆಲವು ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಆಗಿತ್ತು, ನರೇಗಾ ಕೆಲಸಕ್ಕೆ ಹೋಗುವವರು ಮಗುವನ್ನು ಬಿಡಬಹುದಿತ್ತು. "ಎರಡು ಗಂಟೆ ಬಿಟ್ರೂ ಸೊಂಟ ನನ್ನದಾಗಿರ್ತದೆ ಮೇಡಂ" ಅಂತ ಒಬ್ಬಾಕೆ ಅಂದಿದ್ದರು. ನನಗೆ ಅತ್ತೆ ಇದ್ದರು, ಸಂಬಳ ಇತ್ತು, ಹಾಳೆ ಗೆರೆ ಎಳೆಯುವಷ್ಟು ಪುರುಸೊತ್ತೂ ಇತ್ತು.

ಮಗ ಎರಡು ವಾರ ಅತ್ತ. ಅತ್ತೆ ಹತ್ತರಿಂದ ಒಂದರವರೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಆಟೋ ಕಾದರು. ಇವರು ರಜೆಯ ದಿನ ನೋಡಿ ಬಂದು "ಅಮ್ಮ ವಿಶ್ರಾಂತಿ ಶಿಫ್ಟಲ್ಲೂ ಡ್ಯೂಟಿ ಮಾಡ್ತಿದಾಳೆ" ಅಂದರು. ಮೂರನೇ ವಾರ ಎದುರು ಮನೆಯವರು ಬತ್ತಿ ಹೊಸೆಯಲು ಕರೆದರು. ಅಲ್ಲಿಂದ ಶುರುವಾಯಿತು. ಗುರುವಾರದ ಭಜನೆ. ಫಿಸಿಯೋ ಹೇಳಿಕೊಟ್ಟ ಕಾಲಿನ ವ್ಯಾಯಾಮ, ಅದನ್ನು ಮಗಳು ಗಟ್ಟಿಯಾಗಿ ಎಣಿಸುತ್ತಾಳೆ. ಒಂದು ದಿನ ಸಂಜೆ ಬಂದರೆ ಮನೆಯಲ್ಲಿ ಕಾಫಿ ಇಲ್ಲ, ಅತ್ತೆ ಇಲ್ಲ. ಬೀದಿ ಕೊನೆಯ ಪಾರ್ಕಿನಲ್ಲಿ ಕೂತು ಯಾರದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ನನ್ನ ಬಗ್ಗೆ ಇರಲಿಕ್ಕಿಲ್ಲ ಅಂತ ನಂಬಿದ್ದೇನೆ.

ಎಲ್ಲ ಸರಿಹೋಯಿತು ಅಂತಲ್ಲ. ನೈಟ್ ಶಿಫ್ಟಿನ ವಾರ ಈಗಲೂ ಎಡವುತ್ತೇವೆ. ಸೆಪ್ಟೆಂಬರಿನಲ್ಲಿ ಮಕ್ಕಳಿಬ್ಬರಿಗೂ ಒಟ್ಟಿಗೆ ಜ್ವರ ಬಂದು ಮೂರು ವಾರ ಯಾರ ಹಾಳೆಯೂ ಲೆಕ್ಕಕ್ಕಿರಲಿಲ್ಲ. ನಾನು ಇವರ ಮೇಲೆ ಕೂಗಾಡಿದೆ, ಇವರು ನನ್ನ ಮೇಲೆ. ಗ್ಯಾಸ್ ಒಂದು ಸಲ ಬುಕ್ ಮಾಡಲು ಮರೆತು ಎರಡು ದಿನ ಇಂಡಕ್ಷನ್ ಒಲೆಯ ಮೇಲೆ ಕಳೆದೆವು. ನನಗೆ ಮೊದಲೇ ನೆನಪಾಗಿತ್ತು. ಹೇಳಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ. ಆ ಎರಡು ದಿನದ ಆಮೇಲೆ ಇವರು ಒಂದು ಸಲವೂ ಮರೆತಿಲ್ಲ.

ಇನ್ನೊಂದು ಬದಲಾವಣೆ ಹೇಳಬೇಕು. ಹದಿನಾಲ್ಕು ವರ್ಷದಲ್ಲಿ ನಾನು ಹಾಕಿದ ಸಿಎಲ್ (ಸಾಂದರ್ಭಿಕ ರಜೆ) ಎಲ್ಲ ಯಾರಿಗೋ ಜ್ವರ, ಯಾರದೋ ಮದುವೆ, ಯಾವುದೋ ಹಬ್ಬಕ್ಕೆ. ಅಕ್ಟೋಬರಿನಲ್ಲಿ ಒಂದು ಬುಧವಾರ ಸುಮ್ನೆ ಸಿಎಲ್ ಹಾಕಿದೆ. ಕಾರಣದ ಜಾಗದಲ್ಲಿ "ಸ್ವಂತ ಕೆಲಸ" ಅಂತ ಬರೆದೆ. ಮಕ್ಕಳನ್ನು ಕಳಿಸಿ ಒಂಬತ್ತೂವರೆಗೆ ಮಲಗಿದವಳು ಎದ್ದಾಗ ಹನ್ನೆರಡೂ ಮುಕ್ಕಾಲು. ಮೈಮೇಲೆ ಹೊದಿಕೆ ಇತ್ತು, ನಾನು ಹೊದ್ದಿರಲಿಲ್ಲ. ಬಾಗಿಲು ಮುಂದೆ ಮಾಡಿತ್ತು. ಹೊರಗೆ ಅತ್ತೆ ಮಿಕ್ಸಿ ಹಾಕದೆ ಒರಳಿನಲ್ಲಿ ಮೆಲ್ಲಗೆ ಚಟ್ನಿ ಕುಟ್ಟುತ್ತಿದ್ದರು.

"ಎದ್ದ್ಯಾ? ಸದ್ದಾಯ್ತಾ?" ಅಂದರು.

ಆ ದಿನ ಊಟ ಮಾಡುತ್ತಾ ಕೇಳಿದೆ, "ನಿಮಗೇನು ಬೇಕು ಹೇಳಿ ಅತ್ತೆ." ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಕೆ.ಆರ್. ನಗರದಲ್ಲಿ ತಂಗಿ ಮನೆಯಲ್ಲಿ ಹತ್ತು ದಿನ ಇದ್ದು ಬರಬೇಕು ಅಂತ ಆಸೆ, ನಾಲ್ಕು ವರ್ಷ ಆಯಿತು ಹೋಗಿ, ಅಂದರು. ನಾಲ್ಕು ವರ್ಷ! ಮಗ ಹುಟ್ಟುವುದಕ್ಕೆ ಮುಂಚೆ ಹೋಗಿದ್ದು.

ಕಾರ್ತಿಕದಲ್ಲಿ ಹೊರಟರು. ನಾನು ನಾಲ್ಕು ದಿನ ರಜೆ ಹಾಕಿದೆ, ಇವರು ಮೂರು. ಉಳಿದ ದಿನ ಪ್ಲೇ ಹೋಮಿನವರು ದುಡ್ಡು ತಗೊಂಡು ಸಂಜೆವರೆಗೆ ಇಟ್ಟುಕೊಂಡರು. ಅವರು ಇಲ್ಲದ ಮನೆ ಎಷ್ಟು ಗಡಿಬಿಡಿಯಾಯಿತು ಅಂತ ವರ್ಣಿಸುವುದಿಲ್ಲ. ದೇವರ ದೀಪಕ್ಕೆ ಎಣ್ಣೆ ಯಾವ ಡಬ್ಬಿಯಲ್ಲಿದೆ ಅಂತಲೂ ನಮಗೆ ಗೊತ್ತಿರಲಿಲ್ಲ.

ಒಂಬತ್ತನೇ ದಿನ ರಾತ್ರಿ ಅತ್ತೆಯ ಫೋನು ಬಂತು. ಮಗಳು ಸ್ಪೀಕರ್ ಹಾಕಿದಳು.

"ಊಟ ಆಯ್ತಾ ಮಗಳೇ? ಏನು ಮಾಡಿದ್ರು?"

"ಚಿತ್ರಾನ್ನ ಅಜ್ಜಿ. ಅಪ್ಪ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಹಿಂದೆ ಅವರ ತಂಗಿ ನಗುವುದು ಕೇಳಿತು.

"ಸರಿ ಬಿಡು" ಅಂದರು ಅತ್ತೆ. "ನಾನು ಇನ್ನೂ ನಾಲ್ಕು ದಿನ ಇದ್ದು ಬರ್ತೀನಿ ಅಂತ ಅಮ್ಮಂಗೆ ಹೇಳು."